ಲಿಫ್ಟಿನೊಳಗೊಂದು ತೂಕದ ಮೆಷಿನ್: ನ್ಯೂಟನ್ ನಿಯಮವನ್ನು ಕಣ್ಣಾರೆ ನೋಡಿ

ಬಲ = ರಾಶಿ × ವೇಗೋತ್ಕರ್ಷ (ಅಂದರೆ ವೇಗ ಬದಲಾಗುವ ದರ). ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಲ್ಲೇ ಬಿಟ್ಟು ಬಂದ ಸೂತ್ರ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಈ ನಿಯಮವನ್ನು ನೋಡಲು ಲ್ಯಾಬ್ ಬೇಡ, ಲಿಫ್ಟು ಸಾಕು.

ಮೊದಲು ಮುಳ್ಳಿರುವ ಹಳೇ ತೂಕದ ಮೆಷಿನ್ ಹುಡುಕಿ. ಡಿಜಿಟಲ್ ಬೇಡ. ಮೊದಲ ಸಲ ನಾನು ಅದನ್ನೇ ಹೊತ್ತುಕೊಂಡು ಹೋಗಿ ಪೆಚ್ಚಾದೆ. ಒಮ್ಮೆ ಅಂಕಿ ತೋರಿಸಿದ ಮೇಲೆ ಅದು ಅಲ್ಲೇ ಕೂತುಬಿಟ್ಟಿತು. ಲಿಫ್ಟು ಏರಿದರೂ ಇಳಿದರೂ ಜಪ್ಪಯ್ಯ ಅನ್ನಲಿಲ್ಲ.

ಜನ ಓಡಾಡದ ಹೊತ್ತು ನೋಡಿಕೊಳ್ಳಿ. ಪಕ್ಕದ ಮನೆಯವರಿಗೆ ವಿವರಿಸುವುದು ನ್ಯೂಟನ್ನಿಗಿಂತ ಕಷ್ಟ.

ನೆಲಮಹಡಿಯಲ್ಲಿ ಲಿಫ್ಟು ನಿಂತಿರುವಾಗಲೇ ಮೆಷಿನ್ ಮೇಲೆ ನಿಂತು ತೂಕ ಬರೆದುಕೊಳ್ಳಿ. 60 ಕಿಲೋ ಅಂತಿಟ್ಟುಕೊಳ್ಳೋಣ. ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿ, ಮುಳ್ಳು ಕಾಣುವ ಹಾಗೆ ಕೆಳಕ್ಕೆ ಹಿಡಿಯಿರಿ. ಇನ್ನು ಮೇಲಿನ ಮಹಡಿಯ ಬಟನ್ ಒತ್ತಿ. ಮಂಡಿ ಮಡಿಸಬೇಡಿ, ಅಲುಗಾಡಬೇಡಿ.

ಲಿಫ್ಟು ಹೊರಟ ಕೂಡಲೇ ಮುಳ್ಳು 65ರ ಹತ್ತಿರ ಹೋಗುತ್ತದೆ. ಒಂದೆರಡು ಸೆಕೆಂಡು, ಅಷ್ಟೇ. ಆಮೇಲೆ ಲಿಫ್ಟು ಏರುತ್ತಲೇ ಇರುತ್ತದೆ, ಮುಳ್ಳು ಮಾತ್ರ 60ಕ್ಕೆ ವಾಪಸ್! ಇಡೀ ಪ್ರಯೋಗದ ಸ್ವಾರಸ್ಯ ಇಲ್ಲೇ ಇದೆ. ಮೇಲೆ ಹೋಗುವುದಕ್ಕೆ ಜಾಸ್ತಿ ಬಲ ಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಜಾಸ್ತಿ ಬಲ ಬೇಕಾದದ್ದು ವೇಗ ಹೆಚ್ಚಿಸಿಕೊಳ್ಳುವಾಗ ಮಾತ್ರ. ಒಂದೇ ವೇಗದಲ್ಲಿ ಏರುವಾಗ ಮೆಷಿನ್‌ಗೆ ನೀವು ನಿಂತಲ್ಲೇ ನಿಂತ ಹಾಗೆ. ಮೇಲಿನ ಮಹಡಿ ಹತ್ತಿರವಾಗಿ ಲಿಫ್ಟು ನಿಧಾನವಾದಾಗ ಮುಳ್ಳು 60ಕ್ಕಿಂತ ಕೆಳಗಿಳಿಯುತ್ತದೆ.

ಈಗ ಲೆಕ್ಕ. ವಿಡಿಯೊವನ್ನು ನಿಧಾನವಾಗಿ ಓಡಿಸಿ. ಮುಳ್ಳು ತೂಗಾಡಿದ್ದರೆ ಅದರ ನಡುವಿನ ಅಂಕಿ ತೆಗೆದುಕೊಳ್ಳಿ. ಮೆಷಿನ್ ಕಿಲೋ ತೋರಿಸಿದರೂ ನಿಜಕ್ಕೂ ಅಳೆಯುವುದು ಬಲವನ್ನು. ನಿಮ್ಮ ರಾಶಿ 60 ಕಿಲೋ ಇದ್ದದ್ದು ಹಾಗೇ ಇದೆ, ಲಿಫ್ಟಿನಲ್ಲಿ ಯಾರೂ ದಪ್ಪ ಆಗುವುದಿಲ್ಲ. ಹೆಚ್ಚಾಗಿ ಕಂಡ 5 ಕಿಲೋವನ್ನು ಭೂಮಿಯ ಗುರುತ್ವದ ವೇಗೋತ್ಕರ್ಷವಾದ 9.8ರಿಂದ ಗುಣಿಸಿದರೆ 49 ನ್ಯೂಟನ್ (ಬಲವನ್ನು ಅಳೆಯುವ ಮಾನಕ್ಕೂ ಅವನದೇ ಹೆಸರು). ನಿಮ್ಮನ್ನು ಮೇಲಕ್ಕೆ ತಳ್ಳಿದ ಹೆಚ್ಚುವರಿ ಬಲ ಇದು. 49ನ್ನು 60ರಿಂದ ಭಾಗಿಸಿ. ಸುಮಾರು 0.8 ಬರುತ್ತದೆ. ಅಂದರೆ ಲಿಫ್ಟಿನ ವೇಗ ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 0.8 ಮೀಟರಿನಷ್ಟು ಹೆಚ್ಚಿತು.

ಇಷ್ಟಕ್ಕೇ ಬಿಡಬೇಡಿ, ಮನೆಯ ಮಗುವನ್ನೂ ಕರೆತನ್ನಿ. 24 ಕಿಲೋದ ಮಗು ನಿಂತರೆ ಅದೇ ಲಿಫ್ಟಿನಲ್ಲಿ ಮುಳ್ಳು 26ರ ಆಸುಪಾಸು ಬರಬೇಕು. ಹೆಚ್ಚಿದ್ದು ಎರಡೇ ಕಿಲೋ, ಅಂದರೆ 19.6 ನ್ಯೂಟನ್. 24ರಿಂದ ಭಾಗಿಸಿದರೆ ಮತ್ತೆ ಅದೇ 0.8! ರಾಶಿ ಕಮ್ಮಿಯಾದರೆ ಅದೇ ವೇಗೋತ್ಕರ್ಷಕ್ಕೆ ಕಮ್ಮಿ ಬಲ ಸಾಕು.

ಲೆಕ್ಕದ ಮೇಲೆ ಅನುಮಾನವಿದ್ದರೆ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ (phyphox) ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಫೋನನ್ನು ಲಿಫ್ಟಿನ ನೆಲದ ಮೇಲೆ ಅಂಗಾತ ಇಟ್ಟು, ಗುರುತ್ವ ಬಿಟ್ಟ ವೇಗೋತ್ಕರ್ಷದ ಗ್ರಾಫ್ ನೋಡಿ. ಹೊರಡುವಾಗ ಒಂದು ದಿಬ್ಬ, ನಿಲ್ಲುವಾಗ ಒಂದು ಹಳ್ಳ, ನಡುವೆ ಸಪಾಟು.

ಇಳಿಯುವಾಗಲೂ ಮೆಷಿನ್ ಮೇಲೇ ನಿಂತಿರಿ. ಆದರೆ ಬಟನ್ ಒತ್ತುವ ಮೊದಲು ಮಗುವನ್ನು ಕೇಳಿ: ನೆಲಮಹಡಿಯಲ್ಲಿ ಲಿಫ್ಟು ನಿಲ್ಲುವಾಗ ಮುಳ್ಳು ಮೇಲೆ ಹೋಗುತ್ತದೋ, ಕೆಳಗೋ?