ಸೈನ್ಯ ಗಡಿ ದಾಟಿದ ಮೇಲೆ ಯಾರ ನೀತಿ ಬದಲಾಯಿತು? ಪತ್ತೆ ಮಾಡುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಗ್ರಂಥಾಲಯಗಳಲ್ಲಿ ಕೆಎಎಸ್, ಯುಪಿಎಸ್‌ಸಿಗೆ ಓದುವವರಿಗೆ ಸೇನಾ ಹಸ್ತಕ್ಷೇಪದ ಪ್ರಶ್ನೆ ಕೊಟ್ಟರೆ ಬಹಳಷ್ಟು ಜನ ಯುದ್ಧದ ಕಥೆ ಬರೆದುಬಿಡುತ್ತಾರೆ. ಯಾರು ಗೆದ್ದರು, ಎಷ್ಟು ದಿನ ನಡೆಯಿತು ಎಂಬಲ್ಲಿಗೆ ಉತ್ತರ ಮುಗಿದಿರುತ್ತದೆ. ಕೇಳಿರುವುದು ಅದಲ್ಲ. ಆ ಯುದ್ಧದಿಂದಾಗಿ ಯಾವ ದೇಶ ತನ್ನ ಮತ, ಒಪ್ಪಂದ ಅಥವಾ ಖರೀದಿಯನ್ನು ಬದಲಿಸಿತು ಎಂಬುದನ್ನು ತೋರಿಸಬೇಕು.

ಮೊದಲು ಕಾಗದ, ಅಂದರೆ ಕಾನೂನಿನ ಆಧಾರ, ನೋಡಿ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಇನ್ನೊಂದು ದೇಶದ ಮೇಲೆ ಬಲಪ್ರಯೋಗ ಮಾಡುವುದನ್ನು ನಿಷೇಧಿಸುತ್ತದೆ. ಹಾಗಿದ್ದೂ ಸೈನ್ಯ ಹೋಗಿದೆ ಎಂದರೆ ಮೂರು ಆಧಾರಗಳಲ್ಲಿ ಒಂದನ್ನು ಮುಂದಿಡುತ್ತಾರೆ: ಆ ದೇಶದ ಸರ್ಕಾರದ ಕರೆ, ಭದ್ರತಾ ಮಂಡಳಿಯ ಅನುಮತಿ, ಇಲ್ಲವೇ 51ನೇ ವಿಧಿಯ ಆತ್ಮರಕ್ಷಣೆ. 1988ರ ನವೆಂಬರ್‌ನಲ್ಲಿ ಮಾಲ್ಡೀವ್ಸ್‌ಗೆ ಭಾರತ ಸೈನ್ಯ ಕಳುಹಿಸಿದ್ದು ಅಧ್ಯಕ್ಷ ಗಯೂಮ್ ಅವರ ಕರೆಯ ಮೇಲೆ. 1999ರಲ್ಲಿ ಅಮೆರಿಕ ನೇತೃತ್ವದ ಸೇನಾ ಒಕ್ಕೂಟವಾದ ನ್ಯಾಟೊ 78 ದಿನ ಯುಗೊಸ್ಲಾವಿಯದ ಮೇಲೆ ಬಾಂಬ್ ಹಾಕಿದಾಗ ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ. ಆಧಾರ ಯಾವುದೆಂದು ಮೊದಲ ಸಾಲಿನಲ್ಲೇ ಬರೆಯಿರಿ. ಮುಂದೆ ಯಾರು ವಿರೋಧಿಸಿದರು, ಏಕೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಆಮೇಲೆ ನಾಲ್ಕು ದಿನಾಂಕ ಹಾಕಿಕೊಳ್ಳಿ: ಹಿಂದಿನ ಒಪ್ಪಂದ, ಸೈನ್ಯ ಹೋದದ್ದು, ಕಾಳಗ ನಿಂತದ್ದು, ಕೊನೆಯ ಯೋಧ ಹೊರಬಂದದ್ದು. ಎಲ್ಲರೂ ಬಿಟ್ಟುಬಿಡುವುದು ನಾಲ್ಕನೆಯದನ್ನು. ನಮ್ಮ ಮಟ್ಟಿಗೆ ಹೆಚ್ಚಿನ ತೂಕ ಅದಕ್ಕೇ.

ಭಾರತದ್ದೇ ಎರಡು ಉದಾಹರಣೆ ಪಕ್ಕಪಕ್ಕದಲ್ಲಿಟ್ಟು ನೋಡಿ. 1971ರ ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಮೈತ್ರಿ ಒಪ್ಪಂದವಾಯಿತು. ಡಿಸೆಂಬರ್ 3ಕ್ಕೆ ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿ 16ಕ್ಕೆ ಢಾಕಾ ಶರಣಾಯಿತು. ನಡುವೆ, 7ರಂದು, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ದೇಶಗಳು ಕದನ ನಿಲ್ಲಿಸಿ ಸೈನ್ಯ ಹಿಂತೆಗೆಯಿರಿ ಎಂದು ಮತ ಹಾಕಿದವು. ವಿರೋಧಿಸಿದ್ದು ಕೇವಲ 11. ಅಷ್ಟೇ ನೋಡಿದರೆ ಭಾರತ ಒಂಟಿಯಾಯಿತು ಎಂದು ಬರೆಯಬೇಕಾಗುತ್ತದೆ. ಆದರೆ 1972ರ ಮಾರ್ಚ್‌ನಲ್ಲೇ ಭಾರತದ ಸೈನ್ಯ ಬಾಂಗ್ಲಾದಿಂದ ವಾಪಸಾಯಿತು. ಫೆಬ್ರುವರಿಯಲ್ಲಿ ಬ್ರಿಟನ್, ಏಪ್ರಿಲ್‌ನಲ್ಲಿ ಅಮೆರಿಕ ಹೊಸ ದೇಶಕ್ಕೆ ಮಾನ್ಯತೆ ಕೊಟ್ಟವು. ಡಿಸೆಂಬರ್‌ನಲ್ಲಿ ಭಾರತದ ವಿರುದ್ಧ ನಿಂತಿದ್ದ ಅಮೆರಿಕವೇ ನಾಲ್ಕು ತಿಂಗಳಲ್ಲಿ ಫಲಿತಾಂಶವನ್ನು ಒಪ್ಪಿಕೊಂಡಿತು.

ಶ್ರೀಲಂಕಾದಲ್ಲಿ ಕಾಗದ ಇನ್ನೂ ಗಟ್ಟಿಯಾಗಿತ್ತು. 1987ರ ಜುಲೈ 29ರ ಒಪ್ಪಂದಕ್ಕೆ ಅಲ್ಲಿನ ಅಧ್ಯಕ್ಷರೇ ಸಹಿ ಹಾಕಿದ್ದರು. ಆದರೆ ಶಾಂತಿ ಕಾಯಲು ಹೋದ ಪಡೆ ಅಕ್ಟೋಬರ್ ಹೊತ್ತಿಗೆ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಕಾಳಗಕ್ಕಿಳಿಯಿತು. 1989ರಲ್ಲಿ ಹೊಸ ಅಧ್ಯಕ್ಷ ಪ್ರೇಮದಾಸ ಹೊರಡಿ ಎಂದರು. ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಪಡೆ ವಾಪಸಾಯಿತು. ಮುಂದೆ 2009ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿಯುವವರೆಗೂ ಭಾರತ ಮತ್ತೆ ಸೈನ್ಯ ಕಳುಹಿಸಲಿಲ್ಲ. ಕರೆದ ದೇಶವೇ ಹೊರಗೆ ಕಳುಹಿಸುವ ಸ್ಥಿತಿ ಬಂತೆಂದರೆ ಮೊದಲಿನ ಕರೆಗೆ ಬೆಲೆ ಉಳಿಯುವುದಿಲ್ಲ.

ಇನ್ನು ಮತಗಳು. ಒಂದು ಹಸ್ತಕ್ಷೇಪದ ಪರಿಣಾಮ ಮುಂದಿನ ಬಿಕ್ಕಟ್ಟಿನ ಮತದಾನದಲ್ಲಿ ಸಿಗುತ್ತದೆ. 2011ರ ಮಾರ್ಚ್ 17ರಂದು ಲಿಬಿಯಾ ಕುರಿತ ಭದ್ರತಾ ಮಂಡಳಿಯ 1973ನೇ ಸಂಖ್ಯೆಯ ನಿರ್ಣಯಕ್ಕೆ 10 ಮತ ಬಿದ್ದವು. ರಷ್ಯಾ, ಚೀನಾ, ಭಾರತ, ಬ್ರೆಜಿಲ್, ಜರ್ಮನಿ ಮತ ಹಾಕದೆ ದೂರ ಉಳಿದವು. ನಿರ್ಣಯದಲ್ಲಿದ್ದದ್ದು ನಾಗರಿಕರ ರಕ್ಷಣೆ. ನಡೆದದ್ದು ಗಡಾಫಿಯ ಪತನ. ಅದೇ ಅಕ್ಟೋಬರ್ 4ರಂದು ಸಿರಿಯಾ ನಿರ್ಣಯ ಬಂದಾಗ ರಷ್ಯಾ, ಚೀನಾ ವೀಟೊ ಹಾಕಿದವು. ದೂರ ಉಳಿದವರು ವೀಟೊಗೆ ಬಂದ ಆ ಆರೂವರೆ ತಿಂಗಳನ್ನು ಉತ್ತರದಲ್ಲಿ ತಪ್ಪದೆ ಬರೆಯಿರಿ.

ಇಲ್ಲೊಂದು ತಪ್ಪು ಪದೇಪದೇ ಆಗುತ್ತದೆ. 2022ರ ಮಾರ್ಚ್ 2ರಂದು ಮಹಾಸಭೆಯಲ್ಲಿ ಉಕ್ರೇನ್ ಮೇಲಿನ ರಷ್ಯಾ ದಾಳಿ ಕುರಿತ ನಿರ್ಣಯ 141–5ರಲ್ಲಿ ಅಂಗೀಕಾರವಾದಾಗ ಭಾರತ ಮತ ಹಾಕಲಿಲ್ಲ. ಇದನ್ನು ಯುದ್ಧದ ಪರಿಣಾಮ ಎಂದು ಬರೆಯುತ್ತಾರೆ. 2014ರಲ್ಲಿ ಕ್ರಿಮಿಯಾ ನಿರ್ಣಯದಲ್ಲೂ ಭಾರತ ದೂರವೇ ಇತ್ತು. ಹಾಗಾಗಿ ಅದು ಹಳೆಯ ದಾರಿಯ ಮುಂದುವರಿಕೆ, ಬದಲಾವಣೆಯಲ್ಲ. ಬದಲಾವಣೆ ಎಂದರೆ ಫಿನ್‌ಲೆಂಡ್ (2023), ಸ್ವೀಡನ್ (2024) ನ್ಯಾಟೊ ಸೇರಿದ್ದು. ಭಾರತದ ಮಟ್ಟಿಗೆ ಬದಲಾದದ್ದು ಖರೀದಿ. ಯುದ್ಧಕ್ಕೆ ಮೊದಲು ಅತ್ಯಲ್ಪವಾಗಿದ್ದ ರಷ್ಯಾದ ಕಚ್ಚಾತೈಲ ನಂತರ ನಮ್ಮ ಆಮದಿನ ಮೂರನೇ ಒಂದು ಭಾಗದಷ್ಟಾಯಿತು. ನಡುವಿನ ಕೊಂಡಿಗಳಾದ ಪಶ್ಚಿಮದ ನಿರ್ಬಂಧ ಮತ್ತು ರಷ್ಯಾ ಕೊಟ್ಟ ರಿಯಾಯಿತಿಯನ್ನು ಬಿಟ್ಟರೆ ವಾದ ನಿಲ್ಲುವುದಿಲ್ಲ.

ಖರೀದಿಯ ಭಾಗವನ್ನು ಊರಿನ ಸಂತೆಯಿಂದಲೂ ಶುರು ಮಾಡಬಹುದು. ಭಾರತಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನ್, ರಷ್ಯಾದ್ದು. 2022ರಲ್ಲಿ ಬೆಲೆ ಏರಿದ್ದು ಶೇಂಗಾ ಎಣ್ಣೆಯ ಮಿಲ್ಲುಗಳಿರುವ ಚಳ್ಳಕೆರೆಯ ಓದುಗರಿಗೆ ವಿವರಿಸಬೇಕಿಲ್ಲ. ಆದರೆ ಬೆಲೆ ಏರಿಕೆಯನ್ನೇ ನೀತಿಯ ಬದಲಾವಣೆ ಎನ್ನಬೇಡಿ. ಸರ್ಕಾರ ಆಮದು ಸುಂಕವನ್ನೋ ಖರೀದಿಸುವ ದೇಶವನ್ನೋ ಬದಲಿಸಿದರೆ ಮಾತ್ರ ಅದು ವಿದೇಶಾಂಗ ನೀತಿಯ ಲೆಕ್ಕಕ್ಕೆ ಸೇರುತ್ತದೆ.

250 ಪದಗಳ ಉತ್ತರವಾದರೆ ಆಧಾರಕ್ಕೆ 40, ದಿನಾಂಕಗಳಿಗೆ 60 ಸಾಕು. ಉಳಿದ 150 ಮತ, ಒಪ್ಪಂದ, ಖರೀದಿಗೆ ಮೀಸಲಿಡಿ. ಅಭ್ಯಾಸಕ್ಕೆ 2003ರ ಇರಾಕ್ ತೆಗೆದುಕೊಳ್ಳಿ. ಆ ವರ್ಷದ ಜುಲೈನಲ್ಲಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೈನ್ಯ ಕಳುಹಿಸುವುದಿಲ್ಲ ಎಂದು ಭಾರತ ಅಮೆರಿಕಕ್ಕೆ ಹೇಳಿತು. 1987ರ ಶ್ರೀಲಂಕಾ ಅನುಭವ ಆ ನಿರ್ಧಾರದ ಹಿಂದೆ ಎಷ್ಟಿತ್ತು ಎಂಬ ಪ್ರಶ್ನೆಯಿಂದ ಶುರು ಮಾಡಿ.