ಶಿರಾಡಿ ಹತ್ತಿಸಿ ನೋಡಿ ಕಾರು ತಗೊಂಡೆ: ಎಂಜಿನ್, ವೀಲು, ವೇರಿಯಂಟ್ ಆರಿಸಿದ ನನ್ನ ಅನುಭವ

ಕಾರು ತಗೊಂಡು ಹದಿನಾಲ್ಕು ತಿಂಗಳಾಯ್ತು, ಹದಿಮೂರು ಸಾವಿರ ಕಿಲೋಮೀಟರ್ ಓಡಿದೆ, ಈಗ ಬರೀಬಹುದು ಅನ್ನಿಸ್ತು. ಹ್ಯುಂಡೈ ಕ್ರೆಟಾ, ಟರ್ಬೋ ಇಲ್ಲದ 1.5 ಪೆಟ್ರೋಲ್, ಮ್ಯಾನ್ಯುಯಲ್, ಕೆಳಗಿಂದ ಎರಡನೇ ವೇರಿಯಂಟ್, 16 ಇಂಚಿನ ಸ್ಟೀಲ್ ರಿಮ್. ಬುಕ್ ಮಾಡಿದಾಗ ನಮ್ಮ ಭಾವನಿಂದ ಹಿಡಿದು ಆಫೀಸ್ ಪಾರ್ಕಿಂಗಲ್ಲಿ ಸಿಗೋರ ತನಕ ಎಲ್ರದ್ದೂ ಒಂದೇ ಮಾತು, "ಐದು ಜನ, ಡಿಕ್ಕಿ ತುಂಬ ಸಾಮಾನು, ಊರು ಪುತ್ತೂರು, ಡೀಸೆಲ್ ಬಿಟ್ಟು ಇದನ್ಯಾಕೆ ತಗೊಳ್ತಿ ಮಾರಾಯ, ಶಿರಾಡಿಲಿ ಏದುಸಿರು ಬಿಡತ್ತೆ". ಬಿಡ್ಲಿಲ್ಲ. ಬಿಡಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು, ಯಾಕಂದ್ರೆ ತಗೊಳ್ಳೋ ಮುಂಚೆನೇ ಹತ್ತಿಸಿ ನೋಡಿದ್ದೆ.

ಹಿಂದಿನ ಕಾರು ಡೀಸೆಲ್, 2020ರ ಬಿಎಸ್6. ಕಂಪನಿ ಹೆಸರು ಬೇಡ, ತಪ್ಪು ಆರಿಸಿದ ನಂದೇ. ಬೆಳಿಗ್ಗೆ ಮಕ್ಕಳ ಸ್ಕೂಲು, ಅಲ್ಲಿಂದ ಆಫೀಸು, ಸಂಜೆ ವಾಪಸ್ಸು, ಎಲ್ಲಾ ಆರೇಳು ಕಿಲೋಮೀಟರಿನ ತುಂಡು ಓಡಾಟ, ಎಂಜಿನ್ ಸರಿಯಾಗಿ ಬಿಸಿ ಆಗೋ ಹೊತ್ತಿಗೆ ಆಫ್. ಡಿಪಿಎಫ್, ಅಂದ್ರೆ ಡೀಸೆಲ್ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಕಟ್ಟಿಕೊಳ್ಳೋಕೆ ಇನ್ನೇನು ಬೇಕು. ಎರಡನೇ ವರ್ಷದಿಂದ ಲೈಟ್ ಹತ್ತೋಕೆ ಶುರು, ಹತ್ತಿದಾಗೆಲ್ಲ ರಾತ್ರಿ ಊಟ ಆದ್ಮೇಲೆ ಬೆಂಗಳೂರಿನ ನೈಸ್ ರೋಡಿಗೆ ಟೋಲ್ ಕಟ್ಟಿ ಮಸಿ ಸುಡಿಸೋಕಂತಲೇ ಹೋಗ್ತಿದ್ದೆ. ಒಂದಿನ ಡಿಪ್‌ಸ್ಟಿಕ್ ಎಳೆದು ನೋಡ್ತೀನಿ, ಆಯಿಲ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿದೆ, ಮೂಗಿಗೆ ಹಿಡಿದ್ರೆ ಡೀಸೆಲ್ ವಾಸನೆ. ರೀಜನರೇಷನ್, ಅಂದ್ರೆ ಆ ಮಸಿನ ಕಾರು ತಾನೇ ಸುಡೋದು, ಅರ್ಧಕ್ಕರ್ಧಕ್ಕೆ ನಿಂತು ನಿಂತು ಸುಡದ ಡೀಸೆಲ್ಲೆಲ್ಲ ಆಯಿಲ್‌ಗೆ ಇಳಿದಿತ್ತು. ಕ್ಲೀನಿಂಗು, ಸೆನ್ಸರ್ರು, ಅವಧಿಗೆ ಮುಂಚೆ ಆಯಿಲ್ ಚೇಂಜು ಅಂತ ಮೂರು ವರ್ಷದಲ್ಲಿ ಮೂವತ್ತೈದು ಸಾವಿರದ ಮೇಲೆ ಹೋಗಿರಬೇಕು. ಮೈಲೇಜಲ್ಲಿ ಉಳಿಸಿದ್ದೆಲ್ಲ ಅಲ್ಲೇ ಕಟ್ಟಿದೆ.

ಹಾಗಾಗಿ ಈ ಸಲ ಮೊದಲು ಒಂದು ನೋಟ್‌ಬುಕ್ ಇಟ್ಟೆ. ಮೂರು ತಿಂಗಳು ಕಾರು ಎಲ್ಲಿಗೆ ಹೋಯ್ತು, ಎಷ್ಟು ದೂರ, ಎಷ್ಟು ಜನ, ಅಷ್ಟೇ. ಹತ್ತು ಸಲ ಸ್ಟಾರ್ಟ್ ಆದ್ರೆ ಒಂಬತ್ತು ಸಲ ಎಂಟು ಕಿಲೋಮೀಟರ್ ಒಳಗೆ. ಪುತ್ತೂರಿಗೆ ವರ್ಷಕ್ಕೆ ಆರು ಸಲ, ಅಂದ್ರೆ ಗುಂಡ್ಯದಿಂದ ಸಕಲೇಶಪುರದ ಕಡೆ ಘಾಟಿ ಹತ್ತೋದು ವರ್ಷಕ್ಕೆ ಆರೇ ಸಲ. ತಿಂಗಳಿಗೆ ಸುಮಾರು 900 ಕಿಲೋಮೀಟರಿಗೆ ಡೀಸೆಲ್‌ನಿಂದ ಉಳಿಯೋದು ಎರಡು ಸಾವಿರ ಚಿಲ್ಲರೆ. ಡೀಸೆಲ್‌ಗೆ ಜಾಸ್ತಿ ಕೊಡಬೇಕಾದ್ದು ಒಂದೂವರೆ ಲಕ್ಷ, ಅದರ ಮೇಲೆ ರೋಡ್ ಟ್ಯಾಕ್ಸ್, ಅದು ವಸೂಲಾಗೋಕೆ ಏಳು ವರ್ಷ ದಾಟತ್ತೆ. ಲೆಕ್ಕ ಇಲ್ಲಿಗೇ ಮುಗೀತು, ಉಳಿದಿದ್ದು ಘಾಟಿ ಭಯ ಒಂದೇ.

ಶೋರೂಮಿನವರ ಟೆಸ್ಟ್ ಡ್ರೈವ್ ಗೊತ್ತಲ್ಲ, ಪಕ್ಕದಲ್ಲಿ ಅವರ ಹುಡುಗ, ಖಾಲಿ ಕಾರು, ಹದಿನೈದು ನಿಮಿಷ, ಬಲಕ್ಕೆ ತಿರುಗಿ ಮತ್ತೆ ಬಲಕ್ಕೆ. ಅದ್ರಲ್ಲಿ ಏನ್ ಗೊತ್ತಾಗತ್ತೆ? ನಾನು ಸೆಲ್ಫ್ ಡ್ರೈವ್ ಬಾಡಿಗೆಗೆ ತಗೊಂಡೆ, ಅದೇ ಕಪ್ಪು ಬೋರ್ಡಿಗೆ ಹಳದಿ ಅಕ್ಷರದ್ದು. ಒಂದೊಂದು ವೀಕೆಂಡು ಒಂದೊಂದು, ಒಟ್ಟು ಮೂರು ಸಲ, ಮನೆಯವರೆಲ್ಲ ಕೂತು ಊರಿಗೆ ಹೋಗಿ ಬರೋದು. ಬಾಡಿಗೆನೇ ಇಪ್ಪತ್ತೈದು ಸಾವಿರ ಹತ್ರ ಆಯ್ತು. ಭಾವ ಅಂತೂ ದುಡ್ಡನ್ನ ಹೊಳೆಗೆ ಹಾಕ್ತಿದ್ದೀಯ ಅಂದ್ರು. ನಮಗೆ ಬೇಕಾದ ಎಂಜಿನ್ನೇ ಬಾಡಿಗೆಗೆ ಸಿಗೋ ಹಾಗೆ ಮಾಡೋದು ಹೇಗೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಕಷ್ಟಪಟ್ಟು ಕಂಡುಕೊಂಡಿದ್ದು.

ಮೊದಲನೇ ಸಲ ಪೆಟ್ರೋಲ್ ಫೇಲಾಯ್ತು, ಇದನ್ನ ಮುಚ್ಚಿಡಲ್ಲ. ಬರ್ತಾ ಡಿಕ್ಕಿಲಿ ಐವತ್ತು ತೆಂಗಿನಕಾಯಿ, ಎರಡು ಹಲಸಿನಕಾಯಿ, ಅಕ್ಕಿ ಮೂಟೆ, ಅಮ್ಮ ಹಿಂದೆ ಮಕ್ಕಳ ಜೊತೆ, ಎಸಿ ಆನ್. ಗುಂಡ್ಯ ದಾಟಿ ಏರು ಶುರುವಾದ್ಮೇಲೆ ಮುಂದೆ ಟ್ಯಾಂಕರ್, ಮೂರನೇ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದ್ರೂ ಗಾಡಿ ಎಳೀತಿಲ್ಲ. ಇದು ಆಗೋದಲ್ಲ ಅಂತಲೇ ಮನೆಗೆ ಬಂದೆ. ಮುಂದಿನ ತಿಂಗಳು ಡೀಸೆಲ್ ತಗೊಂಡೆ, ಅದು ಅದೇ ಏರನ್ನ ಮೂರನೇ ಗೇರಲ್ಲಿ ಹಾಡು ಹೇಳ್ಕೊಂಡು ಹತ್ತಿತು. ಆಮೇಲೆ ರಾತ್ರಿ ಕೂತು ಯೋಚನೆ ಮಾಡಿದ್ರೆ ತಪ್ಪು ಕಾಲಲ್ಲಿತ್ತು, ಎಂಜಿನ್ನಲ್ಲಿ ಅಲ್ಲ. ಡೀಸೆಲ್ 250 ಎನ್ಎಂ ಟಾರ್ಕನ್ನ, ಅಂದ್ರೆ ಎಳೆಯೋ ಬಲನ, ಎಂಜಿನ್ ನಿಮಿಷಕ್ಕೆ 1500 ಸುತ್ತು (ಆರ್‌ಪಿಎಂ) ತಿರುಗುವಾಗಲೇ ಕೊಡತ್ತೆ, ಈ ಪೆಟ್ರೋಲ್‌ದು 144, ಅದೂ 4500ಕ್ಕೆ. ನಾಲ್ಕು ವರ್ಷ ಡೀಸೆಲ್ ಓಡಿಸಿದ ಅಭ್ಯಾಸಕ್ಕೆ 1800 ಆಗ್ತಿದ್ದ ಹಾಗೆ ಗೇರ್ ಏರಿಸಿಬಿಡ್ತಿದ್ದೆ. ಮೂರನೇ ಸಲ ಮತ್ತೆ ಪೆಟ್ರೋಲ್, ಅಷ್ಟೇ ಸಾಮಾನು, ಈ ಸಲ ಎರಡನೇ ಗೇರಲ್ಲಿ 3000ದಿಂದ 3500ರಲ್ಲಿ ಹಿಡಿದು ಮುಂದಿನ ಲಾರಿಗೆ ಜಾಗ ಬಿಟ್ಟು, ಜಾಗ ಸಿಕ್ಕ ಕೂಡ್ಲೆ ಓವರ್‌ಟೇಕ್. ಆರಾಮಾಗಿ ಬಂತು. ಸದ್ದು ಜಾಸ್ತಿ, ಅದು ನಿಜ, ಅಮ್ಮ ಎರಡು ಸಲ ಕೇಳಿದ್ರು ಏನದು ಕೂಗ್ತಿರೋದು ಅಂತ. ಟರ್ಬೋನ ಬಾಡಿಗೆಗೆ ತರ್ಲೇ ಇಲ್ಲ, ನಾನು ನೋಡುವಾಗ ಅದು ಮೇಲಿನ ವೇರಿಯಂಟಲ್ಲಿ ಮಾತ್ರ ಸಿಗ್ತಿತ್ತು, ಬೆಲೆ ನೋಡಿನೇ ಬಿಟ್ಟೆ.

ವೀಲ್ ವಿಷಯಕ್ಕೆ ಬರ್ತೀನಿ. 17 ಇಂಚು ಅಂದ್ರೆ ಗಟ್ಟಿ, 16 ಅಂದ್ರೆ ಮೆತ್ತಗೆ ಅಂತ ನಾನೂ ನಂಬಿದ್ದೆ. ಕಾಗದದ ಮೇಲೆ ಹಾಕಿ ನೋಡಿ, 205/65 ಆರ್16ರ ಟೈರಿನ ಗೋಡೆ (205 ಅಗಲದ 65 ಪರ್ಸೆಂಟು) 133 ಮಿಲಿಮೀಟರ್, 215/60 ಆರ್17ರದ್ದು 129. ನಾಲ್ಕೇ ಮಿಲಿಮೀಟರ್! ಬಾಡಿಗೆ ಕಾರುಗಳಲ್ಲಿ ಒಂದಕ್ಕೆ 17 ಇತ್ತು, ಎತ್ತಾಕ್ತಿತ್ತು, ಬಂಕಲ್ಲಿ ನಿಲ್ಲಿಸಿ ನೋಡಿದ್ರೆ ಗಾಳಿ 40. ಇಳಿಸಿ 33 ಮಾಡಿದೆ, ಮಗಳ ಕೈಗೆ ಮುಕ್ಕಾಲು ತುಂಬಿದ ಸ್ಟೀಲ್ ಲೋಟ ಕೊಟ್ಟು ಉಪ್ಪಿನಂಗಡಿ ಕಡೆಯ ಅದೇ ಹಾಳು ರಸ್ತೆಲಿ ಎರಡು ಸಲ ಹೋದೆ. ಗಾಳಿ ಇಳಿಸೋಕೆ ಮುಂಚೆ ಅವಳ ಫ್ರಾಕ್ ಒದ್ದೆ, ಇಳಿಸಿದ್ಮೇಲೆ ಲೋಟದ ಅಂಚಿಂದ ಎರಡು ಹನಿ. 16 ಇಂಚಿನ ಕಾರಲ್ಲೂ ಹಾಗೇ ಮಾಡಿದೆ, ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ.

ಆದ್ರೂ 16ನ್ನೇ ಆರಿಸಿದ್ದು ದುಡ್ಡಿಗೆ. ಹಳೇ ಕಾರಿನ ಅಲಾಯ್ ಒಂದು ಗುಂಡಿಗೆ ಸೀಳು ಬಿಟ್ಟಿತ್ತು, ಹದಿನಾಲ್ಕು ಸಾವಿರ. ಸ್ಟೀಲ್ ರಿಮ್ ಡೊಂಕಾದ್ರೆ ಪಂಕ್ಚರ್ ಅಂಗಡಿಯವನೇ ಸುತ್ತಿಗೆಲಿ ತಟ್ಟಿ ಸರಿ ಮಾಡ್ತಾನೆ, ಮುನ್ನೂರು ರೂಪಾಯಿ. ಟೈರಲ್ಲೂ ಒಂದೊಂದಕ್ಕೆ ಎರಡೂವರೆ ಮೂರು ಸಾವಿರ ಫರಕ್ಕು.

ಆಪ್ಷನ್ ಅಂತ ಮೇಲಿನ ವೇರಿಯಂಟಿಗೆ ಹೋಗೋರು ಒಂದು ಮರೀತಾರೆ. ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ದಾಟಿ ಇಪ್ಪತ್ತು ಲಕ್ಷದ ಒಳಗಿರೋ ಕಾರಿಗೆ ಲೈಫ್ ಟ್ಯಾಕ್ಸ್ 17 ಪರ್ಸೆಂಟು, ಅದರ ಮೇಲೆ ಸೆಸ್, ಹೆಚ್ಚುಕಮ್ಮಿ 19 ಆಗತ್ತೆ. ಅಂದ್ರೆ ಮೂರು ಲಕ್ಷದ ಸನ್‌ರೂಫು, ದೊಡ್ಡ ಸ್ಕ್ರೀನು, ಅಲಾಯ್ ಎಲ್ಲದಕ್ಕೂ ಸೇರಿ ಐವತ್ತೇಳು ಸಾವಿರ ಬರೀ ಟ್ಯಾಕ್ಸು. ಆರು ಏರ್‌ಬ್ಯಾಗ್ ಎಲ್ಲಾ ವೇರಿಯಂಟಲ್ಲೂ ಇರೋದ್ರಿಂದ ಆ ಚಿಂತೆ ಇಲ್ಲ. ಸೀಟ್ ಕವರು, ಕ್ಯಾಮೆರಾ, ಒಳ್ಳೆ ಸ್ಪೀಕರ್ ಹೊರಗೆ ಹಾಕಿಸಿದೆ, ಎಲ್ಲಾ ಸೇರಿ ಮೂವತ್ತು ಸಾವಿರದ ಒಳಗೆ. ವೈರ್ ಕಟ್ ಮಾಡೋಕೆ ಬಿಡಬೇಡಿ, ಕಪ್ಲರ್‌ದೇ, ಅಂದ್ರೆ ಪ್ಲಗ್ ಸಿಕ್ಕಿಸೋ ಥರದ್ದೇ ಹಾಕಿಸಿ, ವಾರಂಟಿ ವಿಷಯ. ಡಿಸ್ಕೌಂಟಿಗೆ ನಾನು ಹೋದ ದಿನ ಯಾವುದು, ಏನು ಕೇಳಿದೆ ಅನ್ನೋದು ನನ್ನ ಹತ್ರನೇ ಇರ್ಲಿ.

ನನಗೆ ಎಲ್ಲಕ್ಕಿಂತ ಮುಖ್ಯವಾದ ಆಪ್ಷನ್ ಯಾವ ಬ್ರೋಷರಲ್ಲೂ ಇಲ್ಲ, ಸೀಟಿನ ಎತ್ತರ. ಅಮ್ಮನಿಗೆ ಮಂಡಿ ನೋವು. ಮನೆಲಿ ಅಮ್ಮ ಯಾರ ಕೈಯೂ ಹಿಡೀದೆ ಏಳೋದು ಅವರ ಮಂಚದಿಂದ ಮಾತ್ರ, ಅಳೆದೆ, 22 ಇಂಚು. ಟೇಪ್ ಹಿಡ್ಕೊಂಡೇ ಶೋರೂಮಿಗೆ ಹೋದೆ, ಇದರ ಹಿಂದಿನ ಸೀಟು ಅದಕ್ಕಿಂತ ಎರಡು ಮೂರಿಂಚು ಎತ್ತರ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಸೀಟಿಗೆ ಒರಗಿ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ಎಳ್ಕೊಂಡ್ರು. ಇಳಿಯುವಾಗ ನಾನು ಕೈ ಚಾಚಿದೆ, ಬೇಡ ಅಂದ್ರು.

ಈಗ ಲೀಟರಿಗೆ ಊರೊಳಗೆ 11, ಹೈವೇಲಿ 16 ಕಿಲೋಮೀಟರ್ ಕೊಡ್ತಿದೆ, ಟ್ಯಾಂಕಿಂದ ಟ್ಯಾಂಕಿಗೆ ತುಂಬಿಸಿ ನೋಡಿದ್ದು. ಡ್ಯಾಶ್‌ಬೋರ್ಡಲ್ಲಿ ಒಂದು ಲೈಟೂ ಹತ್ತಿಲ್ಲ. ಕಳೆದ ತಿಂಗಳು ಭಾವ ಜೊತೆಗೆ ಬಂದಿದ್ರು, ಘಾಟಿ ಮುಗಿದು ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಆ ಬಾಡಿಗೆ ಕಾರಿನವರ ನಂಬರ್ ಕೊಡು ಅಂದ್ರು. ಅಕ್ಕನೂ ಓಡಿಸೋದ್ರಿಂದ ಅವರಿಗೆ ಆಟೋಮ್ಯಾಟಿಕ್ಕೇ ಬೇಕು. ಬರೋ ಶನಿವಾರ ಐವಿಟಿ (ಇದೇ ಕಾರಿನ ಆಟೋಮ್ಯಾಟಿಕ್) ಪೆಟ್ರೋಲ್ ಬಾಡಿಗೆಗೆ ತಗೊಂಡು ಇಬ್ರೂ ಹೋಗ್ತಿದ್ದೀವಿ, ತೆಂಗಿನಕಾಯಿ ಲೋಡು ಊರಲ್ಲಿ ರೆಡಿ ಇದೆ.