ಬ್ಯಾಕಪ್ ಅರ್ಧಕ್ಕೇ ನಿಂತರೆ

ಮಂಡ್ಯದ ಸ್ಟುಡಿಯೊದಲ್ಲಿ ಕೂತು ಮದುವೆ ವಿಡಿಯೊವನ್ನು ಯುಎಸ್‌ಬಿ ಡ್ರೈವ್‌ಗೆ ಕಾಪಿ ಮಾಡುವಾಗ, ಅದರಲ್ಲಿ 500 ಜಿಬಿ ಖಾಲಿ ಇದ್ದರೂ ಫೈಲ್ ತುಂಬಾ ದೊಡ್ಡದು ಎಂದು ವಿಂಡೋಸ್ ತಡೆದರೆ, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲ್ ಸಿಸ್ಟಮ್ (ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ಫ್ಯಾಟ್32 ಎಂದಿದ್ದರೆ ಕಾರಣ ಅದೇ: 4 ಜಿಬಿ ಮುಟ್ಟಿದ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ವಿಂಡೋಸ್‌ಗೆ ಮಾತ್ರವಾದರೆ ಎನ್‌ಟಿಎಫ್‌ಎಸ್, ಮ್ಯಾಕ್‌ನಲ್ಲೂ ಬಳಸುವುದಾದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಳೆಯದನ್ನು ಬೇರೆಡೆ ಎತ್ತಿಡದೆ ಕೈ ಹಾಕಲೇಬೇಡಿ.

ಡ್ರೈವ್ ಆಗಾಗ ಕಾಣಿಸಿ ಮಾಯವಾದರೆ ಕೇಬಲ್ ಮತ್ತು ಕರೆಂಟಿನ ಮೇಲೆ ಮೊದಲು ಅನುಮಾನಪಡಿ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಟ್ಟರೆ 3.0 ಕೊಡುವುದು 900. ಒಂದು ಪೋರ್ಟನ್ನು ಹಲವಾಗಿಸುವ ಹಬ್ ಇದ್ದರೆ ತೆಗೆದು, ಸಿಪಿಯು ಹಿಂಬದಿಯ 3.0 ಪೋರ್ಟಿಗೆ ಗಿಡ್ಡ ಕೇಬಲ್‌ನಲ್ಲಿ ನೇರ ಹಾಕಿ.

ಕಾಪಿ ನಡುವೆ ಕರೆಂಟು ಹೋಗಿದ್ದರೆ, ಪ್ರಾಪರ್ಟೀಸ್‌ನ ಟೂಲ್ಸ್‌ನಲ್ಲಿ ಚೆಕ್ ಒತ್ತಿ ದೋಷ ಸರಿಪಡಿಸಿ, ಅರ್ಧವಾದ ಫೈಲ್ ಅಳಿಸಿ ಮತ್ತೆ ಶುರು ಮಾಡಿ. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದರೆ ಮಾತ್ರ ಚೆಕ್ ಕೂಡ ಬೇಡ. ತಕ್ಷಣ ಕಳಚಿ ಡೇಟಾ ರಿಕವರಿಯವರಿಗೆ ಕೊಡಿ, ಓಡಿಸಿದಷ್ಟೂ ಹಾನಿ ಹೆಚ್ಚು.

ಮುಗಿದ ಮೇಲೆ ಒಂದೆರಡು ವಿಡಿಯೊ ಡ್ರೈವ್‌ನಿಂದಲೇ ತೆರೆದು ಕೊನೆಯವರೆಗೂ ಎಳೆದು ನೋಡಿ. ಆಮೇಲೆ ಎಜೆಕ್ಟ್ ಮಾಡಿಯೇ ಕೇಬಲ್ ತೆಗೆಯಿರಿ.